ಭಾವನ ಕಾರು ಆಯಿಲ್ ಕುಡಿದ ಬಗೆ

ಮುಳಬಾಗಿಲು ರಸ್ತೆಯಲ್ಲಿ ನಮ್ಮ ಕಾರು ಬಿಟ್ಟ ಹೊಗೆಯೊಳಗೆ ಒಬ್ಬ ಮನುಷ್ಯ ಬಿದ್ದ; ಆ ಹೊಗೆಯನ್ನು ನಾನು ಹಿಂದಿನ ಗಾಜಿನಲ್ಲಿ ನೋಡುತ್ತಿದ್ದೆ. ಆತ ಬದುಕಿದ್ದಾನೆ, ಚೆನ್ನಾಗಿದ್ದಾನೆ, ನನ್ನನ್ನು ಕಂಡರೆ ಇವತ್ತಿಗೂ ಗೇಲಿ ಮಾಡುತ್ತಾನೆ. ಆದರೂ ಆ ನೋಟ ನನ್ನನ್ನು ಬಿಟ್ಟಿಲ್ಲ. ನಮ್ಮ ನೆಂಟರ ಬಾಯಲ್ಲಿ ಈ ಕಥೆಗೆ ಈಗ ಒಂದು ಲಾರಿ ಬೇರೆ ಸೇರಿಕೊಂಡಿದೆ. ಲಾರಿ ಇರಲಿಲ್ಲ. ನಾನು ಕಂಡದ್ದನ್ನು ಕಂಡ ಹಾಗೆ, ಕಾಣದ್ದನ್ನು ಕಾಣಲಿಲ್ಲವೆಂದು ಬರೆದಿಡುವುದು ಒಳ್ಳೆಯದೆನಿಸಿ ಬರೆಯುತ್ತಿದ್ದೇನೆ.

ಕಾರು ನನ್ನ ಭಾವನದು, ಅಂದರೆ ಅಕ್ಕನ ಗಂಡನದು. ಬಿಳಿ ಬಣ್ಣ, ಪೆಟ್ರೋಲ್ ಇಂಜಿನ್, ಚಳಿಗೆ ಚೋಕ್ ಎಳೆದು ಶುರು ಮಾಡಬೇಕಾದ ಹಳೆಯ ಕಾಲದ ಗಾಡಿ. ಅವರ ಊರು ವಕ್ಕಲೇರಿಯ ಹತ್ತಿರ. ರಾಗಿ, ಟೊಮೆಟೊ, ಹಿಪ್ಪುನೇರಳೆ ತೋಟ, ಒಂದಷ್ಟು ಹಸುಗಳು. ಭಾವ ಊರಿನ ಹಾಲಿನ ಸಂಘಕ್ಕೆ ಒಂದು ಅವಧಿ ಅಧ್ಯಕ್ಷರಾಗಿದ್ದವರು. ಆ ಅವಧಿ ಮುಗಿದು ಬಹಳ ಕಾಲವಾಯಿತು. ಅದನ್ನು ಅವರಿಗೆ ಯಾರೂ ತಿಳಿಸಿದಂತಿಲ್ಲ. ಯಾರ ಮನೆಯಲ್ಲಿ ಏನು ಕೆಟ್ಟರೂ, ಅದು ಹಸುವಿನ ಕೆಚ್ಚಲಿರಲಿ, ಬೋರ್‌ವೆಲ್ ಮೋಟಾರಿರಲಿ, ಮಗಳ ಮದುವೆಯ ಮಾತುಕತೆಯಿರಲಿ, ಭಾವ ಹೋಗಿ ನಿಂತು ಕಾರಣ ಹೇಳಿಬರುತ್ತಾರೆ. ಕಾರಣ ಸರಿಯಿರಬೇಕೆಂಬ ನಿಯಮವಿಲ್ಲ. ಬೇಗ ಹೇಳಬೇಕು, ಗಟ್ಟಿಯಾಗಿ ಹೇಳಬೇಕು, ಅಷ್ಟೇ.

ಅಕ್ಕ ಕಾರು ಓಡಿಸಲು ಕಲಿತದ್ದು ಐವತ್ತು ದಾಟಿದ ಮೇಲೆ. ಕಲಿಯಲು ಒಂದು ಕಾರಣವಿತ್ತು. ಮನೆಯಲ್ಲಿ ರೇಷ್ಮೆ ಹುಳು ಸಾಕುವವಳು ಅವಳು. ಸೊಪ್ಪು ಕತ್ತರಿಸುವುದು, ಹಾಸಿಗೆ ಶುಚಿ ಮಾಡುವುದು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು ಎಲ್ಲ ಅವಳದೇ ಕೆಲಸ. ಗೂಡನ್ನು ಕೋಲಾರದ ಮಾರುಕಟ್ಟೆಗೆ ಒಯ್ದು ಹರಾಜಿನಲ್ಲಿ ಕೂರುವುದು ಮಾತ್ರ ಭಾವನ ಕೆಲಸವಾಗಿತ್ತು. ಅಂದರೆ ಬೆವರು ಅವಳದು, ಬಾಯಿ ಅವರದು. ಕಾರು ಕಲಿತ ಮೇಲೆ ಅವಳು ಹಿಂದಿನ ಸೀಟಿನಲ್ಲಿ ಗೂಡಿನ ಮೂಟೆ ಹಾಕಿಕೊಂಡು ತಾನೇ ಹೋಗತೊಡಗಿದಳು. ಹರಾಜಿನಲ್ಲಿ ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ "ಬೇಡ, ಇನ್ನೊಂದು ಸುತ್ತು ನೋಡ್ತೀನಿ" ಎನ್ನುವಳು. ಭಾವನ ಕೈಯಲ್ಲಿದ್ದಾಗ ಆ ಗೂಡಿಗೆ ಇನ್ನೊಂದು ಸುತ್ತು ಎಂಬುದೇ ಇರಲಿಲ್ಲ. ಮೊದಲ ಸುತ್ತಿಗೆ ಮಾರಿ ಹೋಟೆಲಿನಲ್ಲಿ ಸ್ನೇಹಿತರ ಜೊತೆ ಕೂತರೆ ಅವರ ಮಾರುಕಟ್ಟೆ ಮುಗಿಯುತ್ತಿತ್ತು. ಅಕ್ಕ ಹೋಗಿಬರುವುದನ್ನು ಭಾವ ನಗುನಗುತ್ತಲೇ "ನಮ್ಮ ಅಮ್ಮಾವ್ರ ಸರ್ಕೀಟು" ಎನ್ನುತ್ತಿದ್ದರು. ಆ ನಗು ನನಗೆ ಅಷ್ಟು ಚೆನ್ನಾಗಿ ಕಂಡಿರಲಿಲ್ಲ.

ಅವಳ ಲೈಸೆನ್ಸ್ ಬಂದ ದಿನಗಳಲ್ಲೇ ಮನೆಯ ಪಕ್ಕ ಒಂದು ಹೊಸ ಇಳಿಜಾರು ಬಂತು. ಹುಳು ಸಾಕುವ ಮನೆ ಸ್ವಲ್ಪ ಎತ್ತರದಲ್ಲಿದೆ. ಸೊಪ್ಪಿನ ಗಾಡಿ ಏರಲೆಂದು ಬೀದಿಯಿಂದ ಅಲ್ಲಿಯವರೆಗೆ ಕಲ್ಲು ಚಪ್ಪಡಿ ಹಾಸಿಸಿದರು. ಅದು ಪೂರ್ವಕ್ಕೆ ಏರುತ್ತದೆ. ಅಲ್ಲಿಯತನಕ ಬೀದಿಯಲ್ಲಿ ನಿಲ್ಲುತ್ತಿದ್ದ ಕಾರಿಗೆ ಭಾವ ಆ ಚಪ್ಪಡಿಯ ಮೇಲೆ ಜಾಗ ಗೊತ್ತು ಮಾಡಿದರು. ಗಾಡಿಯ ಮೂತಿ ಪೂರ್ವಕ್ಕಿರಬೇಕು, ಎಳೆಬಿಸಿಲು ಅದರ ಮುಖಕ್ಕೆ ಬೀಳಬೇಕು, ಆಗ ಮನೆಗೆ ಏಳಿಗೆ ಎಂದು ಯಾರೋ ಹಿರಿಯರು ಹೇಳಿದ್ದರಂತೆ. ಮನೆಯ ಹಿಂದೆ ಸಮವಾದ ಕಣವಿದೆ. ಆದರೆ ಅಲ್ಲಿ ನಿಲ್ಲಿಸಿದರೆ ಮೂತಿ ದಕ್ಷಿಣಕ್ಕಾಗುತ್ತದೆ. "ದಕ್ಷಿಣ ಅಂದ್ರೆ ಯಾರ ದಿಕ್ಕು ಗೊತ್ತಲ್ಲ?" ಎಂದು ಭಾವ ಕೇಳಿದರು. ಯಮನದೆಂದು ಗೊತ್ತಿತ್ತು. ಹೀಗೆ ಕಾರು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟುಕೊಂಡು, ಮೂತಿ ಮೇಲೆತ್ತಿ, ಸೂರ್ಯನನ್ನು ಕಾಯುತ್ತ ನಿಲ್ಲತೊಡಗಿತು.

ಬೆಳಗಿನ ಪೂಜೆ ನೋಡುವಂಥದ್ದು. ಭಾವ ಸ್ನಾನ ಮಾಡಿ, ವಿಭೂತಿ ಹಚ್ಚಿ, ದೇವರಿಗೆ ಬೆಳಗಿದ ಊದುಬತ್ತಿಯನ್ನು ಹಾಗೇ ತಂದು ಬಾನೆಟ್ಟಿನ ಸಂದಿಗೆ ಸಿಕ್ಕಿಸುವರು. ಬಾನೆಟ್ ಎತ್ತುವರು. ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು ಎಳೆದು, ಹೆಗಲ ಟವೆಲಿನ ತುದಿಯಲ್ಲಿ ಒರೆಸಿ, ಮತ್ತೆ ಅದ್ದಿ, ಎತ್ತಿ, ಬಿಸಿಲಿಗೆ ಹಿಡಿಯುವರು. ಕಡ್ಡಿಯಲ್ಲಿ ಎರಡು ಗೀಟುಗಳಿವೆ. ಆಯಿಲ್ ಅವೆರಡರ ನಡುವೆ ಇರಬೇಕು. ಅದು ಕೆಳಗಿನ ಗೀಟಿಗೂ ಕೆಳಗಿರುತ್ತಿತ್ತು.

"ನೋಡೇ, ಮತ್ತೆ ಕುಡಿದ್ಬಿಟ್ಟಿದೆ!" ಎಂದು ಭಾವ ಬೀದಿಗೆ ಕೇಳುವಂತೆ ಸಾರುವರು. ಆಮೇಲೆ ಕ್ಯಾನಿನಿಂದ ಹೊಸ ಆಯಿಲ್ ಸುರಿಯುವರು. ಹಸುವಿಗೆ ಹಿಂಡಿ ಇಡುವಾಗ ಇರುವ ಅಕ್ಕರೆ ಆ ಮುಖದಲ್ಲಿರುತ್ತಿತ್ತು.

ಹೊಗೆ ಶುರುವಾದದ್ದು ಆಗಲೇ. ತೆಳು ನೀಲಿ ಹೊಗೆ ಮೊದಲು ಬಾಲದಷ್ಟಿತ್ತು. ಬರಬರುತ್ತ ಹಿಂದೆ ಬರುವವರು ಹಾರ್ನ್ ಹೊಡೆದು, ಪಕ್ಕಕ್ಕೆ ಬಂದು, ಗಾಜು ಇಳಿಸಿ ಬೈದು ಮುಂದೆ ಹೋಗುವಷ್ಟಾಯಿತು. ಇಂಜಿನ್ ಆಯಿಲ್ ಸುಡುತ್ತಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾಕೆ ಎಂಬುದೇ ಪ್ರಶ್ನೆ. ಭಾವನಿಗೆ ಅದೂ ಪ್ರಶ್ನೆಯಾಗಿರಲಿಲ್ಲ.

"ನಾನು ಇಷ್ಟು ವರ್ಷ ಓಡಿಸ್ದೆ, ಒಂದು ತೊಟ್ಟು ಕುಡೀಲಿಲ್ಲ. ಇವಳು ಕೂತ ಮೇಲೆ ಕುಡಿಯೋಕೆ ಶುರು ಮಾಡ್ತು. ಬೇರೆ ಏನು ಹೇಳ್ಬೇಕು?"

ಅವರ ಕೈಯಲ್ಲಿ ಇನ್ನೂ ಒಂದು ಸಾಕ್ಷ್ಯವಿತ್ತು. ಹೋಗುವಾಗ ಹೊಗೆ ಜಾಸ್ತಿ, ಬರುವಾಗ ಕಡಿಮೆ. ಇದು ನಿಜ. ನಾನಿರುವುದು ಕೋಲಾರದಲ್ಲಾದರೂ ಆಗಾಗ ಅವರ ಮನೆಗೆ ಬರುವವನು; ಮೂವರೂ ಎಲ್ಲಾದರೂ ಹೊರಟರೆ ಹಿಂದಿನ ಸೀಟು ನನ್ನದಾದ್ದರಿಂದ ನಾನೂ ನೋಡಿದ್ದೆ. ಹೋಗುವಾಗ ಬೆಳಿಗ್ಗೆ ಅಕ್ಕ ಓಡಿಸುತ್ತಿದ್ದಳು. ಸಂಜೆ ಎದುರಿನ ಲೈಟು ಅವಳ ಕಣ್ಣಿಗೆ ಚುಚ್ಚುವುದರಿಂದ ಬರುವಾಗ ಭಾವ ಓಡಿಸುತ್ತಿದ್ದರು. ಒಮ್ಮೆ ಬಿಸಿಲಿರುವಾಗಲೇ ಹಿಂತಿರುಗಿದಾಗ ಎರಡು ಕಡೆಯೂ ಅಕ್ಕನೇ ಓಡಿಸಿದ್ದಳು. ಆಗಲೂ ಬರುವಾಗ ಹೊಗೆ ಕಡಿಮೆಯೇ ಇತ್ತು. ಅದನ್ನು ಹೇಳಿದೆ.

"ನೀನು ಹಿಂದೆ ಕೂತು ನಿದ್ದೆ ಹೊಡೀತಿದ್ದೆ ಕಣೋ" ಎಂದರು ಭಾವ.

ನಾನು ನಿದ್ದೆ ಮಾಡಿರಲಿಲ್ಲ. ಆದರೆ ಆ ಮನೆಯಲ್ಲಿ ಮಾಜಿ ಅಧ್ಯಕ್ಷರ ಎದುರು ಒಬ್ಬ ಬಾಮೈದನ ಎಚ್ಚರಕ್ಕೆ ಅಷ್ಟು ತೂಕವಿಲ್ಲ.

ಆಮೇಲೆ ಕಾರನ್ನು ಊರೂರಿಗೆ ತೋರಿಸಲು ಹೊರಟೆವು. ಮೊದಲು ಮಾಲೂರು. ಅಲ್ಲಿ ಭಾವನ ದೊಡ್ಡಪ್ಪನ ಮಗ ಇಟ್ಟಿಗೆ ಸುಡಿಸುತ್ತಾರೆ, ಲಾರಿಗಳನ್ನೂ ಇಟ್ಟಿದ್ದಾರೆ. ಲಾರಿ ಇಟ್ಟವರಿಗೆ ಇಂಜಿನ್ ವಿಷಯ ಗೊತ್ತಿರಲೇಬೇಕೆಂದು ನಮ್ಮ ಕಡೆ ನಂಬಿಕೆ. ಅವರು ಕುರ್ಚಿಯಿಂದ ಏಳದೆ "ಎಬ್ಬಿಸೋ ಒಂಚೂರು" ಎಂದರು. ಭಾವ ಆಕ್ಸಿಲೇಟರ್ ಒತ್ತಿ ಇಂಜಿನ್ ಭೋರ್ಗರೆಸಿದರು. ಇಟ್ಟಿಗೆಯ ಗೂಡಿನ ಹೊಗೆಯೂ ನಮ್ಮ ಹೊಗೆಯೂ ಕೂಡಿ ಯಾರ ಹೊಗೆ ಯಾವುದೆಂದು ತಿಳಿಯದಾಯಿತು.

"ವಾಲ್ವ್ ಸೀಲು ಹೋಗಿದೆ. ಯಾರು ಓಡಿಸ್ತಾರೆ ಇದನ್ನ?"

ಭಾವ ಅಕ್ಕನ ಕಡೆ ಗಲ್ಲ ಎತ್ತಿ ತೋರಿಸಿದರು.

"ಅದೇ ಮತ್ತೆ! ಹೆಂಗಸ್ರು ಹಾಫ್ ಕ್ಲಚ್‌ನಲ್ಲೇ ಓಡಿಸ್ತಾರೆ. ಸೀಲು ಬೆಂದೋಗ್ದೆ ಏನಾಗುತ್ತೆ?"

ಕ್ಲಚ್ಚಿನ ಮೇಲೆ ಕಾಲಿಟ್ಟರೆ ಇಂಜಿನ್ನಿನ ತಲೆಯಲ್ಲಿರುವ ಸೀಲು ಹೇಗೆ ಬೇಯುತ್ತದೆ ಎಂದು ಯಾರೂ ಕೇಳಲಿಲ್ಲ. ಕಾಫಿ ಬಂತು, ಕುಡಿದೆವು.

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳ ಹಿಂದಿನ ಗ್ಯಾರೇಜಿನವನು ಸೈಲೆನ್ಸರಿನೊಳಗೆ ಬೆರಳಾಡಿಸಿ, ಮಸಿಯನ್ನು ಮೂಸಿ, ಪಿಸ್ಟನ್ ಎಂದ. ಜೇನಿನಂತೆ ಗಟ್ಟಿಯಾದ ಏನೋ ಒಂದು ಔಷಧಿಯನ್ನು ಇಂಜಿನ್ನಿಗೆ ಸುರಿದ. ಅವನೂ "ಯಾರು ಓಡಿಸ್ತಾರೆ?" ಎಂದು ಕೇಳಿದ, ಅವನಿಗೂ ಗಲ್ಲದ ಸನ್ನೆಯಲ್ಲೇ ಉತ್ತರ ಸಿಕ್ಕಿತು. ಅವನೂ ತಲೆದೂಗಿದ. ಔಷಧಿಯ ಫಲವಾಗಿ ಹೊಗೆ ಹಿಂದಿಗಿಂತ ದಪ್ಪವಾಯಿತು.

ಮುಳಬಾಗಿಲಿನ ಮೆಕ್ಯಾನಿಕ್ ಮಾತ್ರ ಕೆಲಸಗಾರನಂತೆ ಕಂಡ. ಪ್ಲಗ್ಗು ಬಿಚ್ಚಿ ತೋರಿಸಿದ, ಕಪ್ಪಗೆ ಒದ್ದೆಯಾಗಿತ್ತು. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಸುರಿಯುವ ಮುಚ್ಚಳ ತೆಗೆದ. ಒಳಗಿಂದ ಹೊಗೆ ಬುಸುಬುಸು ಬಂತು. "ರಿಂಗ್ಸ್ ಪೋಯಾಯಿ ಸಾರ್" ಎಂದ. ಅಲ್ಲಿ ತೆಲುಗೇ ಹೆಚ್ಚು. ನಮ್ಮ ಮನೆಯಲ್ಲೂ ಅದು ಎಲ್ಲರಿಗೂ ಬರುತ್ತದೆ. ಪಿಸ್ಟನ್ನಿನ ರಿಂಗ್ ಹೋಗಿದ್ದರೆ ಇಂಜಿನ್ ಇಳಿಸಿ ಬಿಚ್ಚಬೇಕು. ಅಷ್ಟು ಹೇಳಿದವನು ಆಯಿಲ್ ಕಡ್ಡಿಗೂ ಕೈ ಹಾಕಿದ.

"ಆಯಿಲ್ ನೋಡ್ಬೇಡಪ್ಪ" ಎಂದರು ಭಾವ. "ದಿನಾ ನಾನೇ ನೋಡ್ತೀನಿ. ಇವತ್ತು ಬೆಳಿಗ್ಗೆ ಕೂಡ ಹಾಕ್ಕೊಂಡೇ ಬಂದಿದೀನಿ."

ಮೆಕ್ಯಾನಿಕ್ ಕೈ ಹಿಂದಕ್ಕೆ ತೆಗೆದ. ಇದನ್ನು ನಾನು ಸ್ಪಷ್ಟವಾಗಿ ನೋಡಿದೆ. ಶ್ರೀನಿವಾಸಪುರದಲ್ಲೂ ಹೀಗೇ ಆಗಿತ್ತು; ಮಾಲೂರಿನವರಂತೂ ಕುರ್ಚಿ ಬಿಟ್ಟು ಎದ್ದೇ ಇರಲಿಲ್ಲ. ನಮ್ಮ ಕಡೆ ವಿಭೂತಿ ಹಚ್ಚಿದ ಹಿರಿಯರೊಬ್ಬರು 'ನಾನೇ ನೋಡಿದ್ದೇನೆ' ಎಂದ ಮೇಲೆ ಅದೇ ಕಡ್ಡಿಯನ್ನು ಅವರೆದುರೇ ಎಳೆದು ನೋಡುವುದೆಂದರೆ, ನೀವು ಸುಳ್ಳು ಹೇಳುತ್ತೀರಿ ಎಂದಂತೆ. ಇಂಜಿನ್ ಬಿಚ್ಚಬಹುದು, ಪಿಸ್ಟನ್ ಹೊರಗೆ ಎಳೆಯಬಹುದು, ಅದರಿಂದ ಯಾರ ಮರ್ಯಾದೆಗೂ ಕುಂದಿಲ್ಲ. ಕಡ್ಡಿ ಎಳೆಯುವಂತಿಲ್ಲ.

"ಬಂಡಿ ಅಮ್ಮಗಾರು ತೋಲ್ತಾರಾ?" ಗಾಡಿ ಅಮ್ಮನವರು ಓಡಿಸುತ್ತಾರಾ ಎಂದು ಮೆಕ್ಯಾನಿಕ್ ಕೇಳಿದ.

"ಹೂಂ. ಇಂಜಿನ್ ಸಾಯಿಸಿದ್ದೇ ಇವಳು" ಎಂದು ಭಾವ ಅಲ್ಲಿ ಟೀ ಕುಡಿಯುತ್ತ ನಿಂತಿದ್ದವರಿಗೆಲ್ಲ ಕೇಳುವಂತೆ ಹೇಳಿದರು. ಅವರೆಲ್ಲ ನಕ್ಕರು. ಅಕ್ಕ ಕಾರಿನ ಪಕ್ಕ ನಿಂತು ತನ್ನ ಚಪ್ಪಲಿಯನ್ನು ನೋಡಿಕೊಳ್ಳುತ್ತಿದ್ದಳು.

ಆ ಮನುಷ್ಯ ಬಿದ್ದ ಸಂಗತಿ ನಡೆದದ್ದು ಅದಾದ ಸ್ವಲ್ಪ ದಿನಕ್ಕೆ. ಮುಳಬಾಗಿಲಿನಲ್ಲಿ ನೆಂಟರ ಗೃಹಪ್ರವೇಶವಿತ್ತು. ಬೆಳಿಗ್ಗೆ ಭಾವ ಎಂದಿನಂತೆ ಕಡ್ಡಿ ನೋಡಿ, ದೂರದ ದಾರಿ ಎಂದು ಎಂದಿಗಿಂತ ಧಾರಾಳವಾಗಿ ಆಯಿಲ್ ಸುರಿದರು. ಅಕ್ಕ ಓಡಿಸುತ್ತಿದ್ದಳು, ಭಾವ ಪಕ್ಕದಲ್ಲಿ, ನಾನು ಹಿಂದೆ. ಹೆದ್ದಾರಿಯಲ್ಲಿ ಮುಂದೆ ಟೊಮೆಟೊ ಕ್ರೇಟು ತುಂಬಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಅಕ್ಕ ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ವೇಗ ಹೆಚ್ಚಿಸಿ ದಾಟಿದಳು. ಇದರಲ್ಲಿ ಅವಳ ತಪ್ಪು ಒಂದೂ ನನಗೆ ಕಾಣಲಿಲ್ಲ. ನಾನು ಹಿಂದೆ ತಿರುಗಿದೆ. ರಸ್ತೆ ಇರಲಿಲ್ಲ. ರಸ್ತೆಯ ಅಗಲಕ್ಕೂ ಹೊಗೆಯ ಗೋಡೆ ನಿಂತಿತ್ತು; ಟ್ರ್ಯಾಕ್ಟರೂ ಅದರೊಳಗೆ ಮುಚ್ಚಿಹೋಗಿತ್ತು. ಮೊದಲು ಹಾಲಿನ ಕ್ಯಾನು ಟಾರಿಗೆ ಬಿದ್ದು ಉರುಳಿದ ಸದ್ದು ಕೇಳಿತು. ಕ್ಯಾನು ಉರುಳುತ್ತ ಹೊಗೆಯಿಂದ ಹೊರಗೆ ಬಂತು. ಆಮೇಲೆ ಒಂದು ಬೈಕು, ಅಡ್ಡ ಮಲಗಿ, ಜಾರುತ್ತ ಬಂತು. ಅದರ ಮೇಲೆ ಯಾರೂ ಇರಲಿಲ್ಲ.

ಆ ಬೈಕಿಗೂ, ಹೊಗೆ ತಿಳಿಯಾಗಿ ಮನುಷ್ಯ ಕಾಣಿಸಿದ್ದಕ್ಕೂ ನಡುವೆ ಎಷ್ಟು ಹೊತ್ತಾಯಿತೆಂದು ನನಗೆ ಹೇಳಲಾಗದು. ಹೆಚ್ಚು ಹೊತ್ತೇನೂ ಆಗಿರಲಾರದು.

ಆತ ರಸ್ತೆಯಂಚಿನ ಮಣ್ಣಿನಲ್ಲಿ ಕೂತಿದ್ದ. ನಡುವಯಸ್ಸಿನ ಹಾಲಿನವನು. ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು, ಓಡಿ ಬಂದ ಅಕ್ಕನನ್ನು ನೋಡಿ, "ಏನಮ್ಮಾ, ಹೈವೇಗೆ ಸೊಳ್ಳೆ ಓಡ್ಸೋಕೆ ಬಂದಿದೀರಾ?" ಎಂದ. ಅಕ್ಕ "ಅಣ್ಣಾ, ಕೈ ಅಲ್ಲಾಡಿಸ್ಬೇಡಿ" ಎಂದು ತನ್ನ ಸೆರಗಿನ ತುದಿ ಹರಿದು ಕೈಯನ್ನು ಎದೆಗೆ ಸೇರಿಸಿ ಕಟ್ಟಿದಳು. ನಾನು ನೀರಿನ ಬಾಟಲಿ ಹಿಡಿದಿದ್ದೆ. ಅವನ ಬಾಯಿಗಿಂತ ಅಂಗಿಗೇ ಹೆಚ್ಚು ನೀರು ಬಿತ್ತು.

ಜನ ಸೇರಿದರು. ಬಿದ್ದವನಿಗೆ ಎಷ್ಟು ಪೆಟ್ಟಾಗಿದೆ ಎಂದು ಕೇಳುವ ಮೊದಲು ಅವರಿಗೆ ಬೇಕಾದದ್ದು ಒಂದೇ ಸಂಗತಿ. ಭಾವ ಅದನ್ನು ಕೊಟ್ಟರು.

"ನಮ್ಮನೆಯವಳು ಸ್ವಾಮಿ ಓಡಿಸ್ತಿದ್ದಿದ್ದು. ನಾನು ಎಷ್ಟು ಹೇಳಿದ್ರೂ ಕೇಳಲ್ಲ."

"ಅದಕ್ಕೇ ಮತ್ತೆ" ಎಂದರು ಯಾರೋ. ಉಳಿದವರಿಗೆ ಸಮಾಧಾನವಾಯಿತು. ಅಕ್ಕ ಕಾರಿನಿಂದ ಕೀ ತೆಗೆದು ಭಾವನ ಅಂಗೈಯಲ್ಲಿಟ್ಟು, ಗಾಯಗೊಂಡವನ ಜೊತೆ ಹಿಂದೆ ಹತ್ತಿ ಕೂತಳು. ಕೋಲಾರದ ಆಸ್ಪತ್ರೆಗೆ ಹೋಗುವಾಗ ಭಾವ ಓಡಿಸಿದರು. ಆಗ ಹೊಗೆ ಬರುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಆ ದಾರಿಯಲ್ಲಿ ನಾನು ಹಿಂದೆ ತಿರುಗಿ ನೋಡಲಿಲ್ಲ.

ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು, ಪ್ಲಾಸ್ಟರ್ ಹಾಕಿದರು. ಕಾರನ್ನು ಕೋಲಾರದಲ್ಲಿ ನನ್ನ ಮನೆಯೆದುರು ನಿಲ್ಲಿಸಿ ಭಾವ ಮತ್ತು ಅಕ್ಕ ಬಸ್ಸಿನಲ್ಲಿ ಊರಿಗೆ ಹೋದರು. ನನ್ನ ಬೀದಿಯ ಗ್ಯಾರೇಜಿನವನು ವಾರ ಕಳೆದ ಮೇಲೆ ಇಂಜಿನ್ ಇಳಿಸಿ ಬಿಚ್ಚಲು ಒಪ್ಪಿದ್ದ. ಆ ವಾರವೇ ಅಕ್ಕನ ಗೂಡು ಬಂತು. ಭಾವ ಅದನ್ನು ಬಾಡಿಗೆ ಟೆಂಪೋದಲ್ಲಿ ಒಯ್ದು ಮೊದಲ ಸುತ್ತಿಗೇ ಮಾರಿ ಬಂದರು. ಅಕ್ಕ ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟು: "ಕೊಟ್ಟು ಬಂದ್ರಂತೆ." ಆಮೇಲೆ, "ನಾನು ನಿಜವಾಗ್ಲೂ ಕೆಟ್ಟದಾಗಿ ಓಡಿಸ್ತೀನೇನೋ? ನೀನು ಹಿಂದೆ ಕೂತಿರ್ತೀಯಲ್ಲ, ಹೇಳು. ಹಂಗಿದ್ರೆ ಇನ್ನು ಮುಟ್ಟಲ್ಲ, ಮನುಷ್ಯರ ಜೀವದ ವಿಷಯ" ಎಂದಳು. ಇಲ್ಲ ಎಂದೆ. ಅವಳು ನಂಬಲಿಲ್ಲ. ಮೂರು ಊರಿನ ಗಂಡಸರು ಒಂದೇ ಮಾತು ಹೇಳಿರುವಾಗ ತಮ್ಮನ ಮಾತು ಯಾವ ಲೆಕ್ಕ?

ಇಂಜಿನ್ ಬಿಚ್ಚುವ ದಿನ ಇಬ್ಬರೂ ಬಂದರು. ಅಕ್ಕ ಬಂದದ್ದು ಹಾಲಿನವನ ಕೈ ನೋಡಿಕೊಂಡು ಹೋಗಲು. ಭಾವ ಬಂದದ್ದು ಪೂಜೆ ಮಾಡಿ ಕಾರನ್ನು ಗ್ಯಾರೇಜಿಗೆ ಒಪ್ಪಿಸಲು. ಊರಿನಿಂದ ಆಯಿಲ್ ಕ್ಯಾನನ್ನೂ ಚೀಲದಲ್ಲಿ ತಂದಿದ್ದರು. ಆಸ್ಪತ್ರೆಗೆ ಸೇರಿಸುವ ಮುಂಚೆ ರೋಗಿಗೆ ಊಟ ಹಾಕಿದಂತೆ. ಬಾನೆಟ್ ಎತ್ತಿ, ಕಡ್ಡಿ ಎಳೆದು, ಒರೆಸಿ, ಅದ್ದಿ, ಬಿಸಿಲಿಗೆ ಹಿಡಿದರು.

ಆಯಿಲ್ ಮೇಲಿನ ಗೀಟನ್ನು ದಾಟಿ, ಕಡ್ಡಿಯ ಮೇಲೆ ಬಹಳ ದೂರ ಹತ್ತಿತ್ತು.

ಭಾವ ಇನ್ನೊಮ್ಮೆ ಒರೆಸಿ ಅದ್ದಿದರು. ಹಾಗೇ ಇತ್ತು. ನನ್ನ ಕಡೆ ತಿರುಗಿದರು.

"ನೀನು ಹಾಕಿದ್ಯೇನೋ?"

"ಇಲ್ಲ ಭಾವ. ಬಾನೆಟ್ ಮುಟ್ಟೇ ಇಲ್ಲ."

ಇಲ್ಲಿ ಬೇರೆಯವರಾಗಿದ್ದರೆ ಒಂದು ನಿಮಿಷ ಸುಮ್ಮನಿದ್ದು ಯೋಚಿಸುತ್ತಿದ್ದರು. ಭಾವನ ಹತ್ತಿರ ಸುಮ್ಮನಿರುವ ಅಭ್ಯಾಸವಿಲ್ಲ. "ಗೊತ್ತಾಯ್ತು. ಪೆಟ್ರೋಲ್ ಇಳಿದು ಆಯಿಲ್ ಜೊತೆ ಸೇರ್ಕೊಂಡಿದೆ. ಚೋಕ್ ಎಳೆದು ಹಂಗೇ ಬಿಟ್ರೆ ಹಿಂಗೇ ಆಗೋದು. ಲೇ, ಚೋಕ್ ಎಳೀತಿದ್ದೆ ತಾನೇ ನೀನು?"

ಅಕ್ಕ ಮುಂದೆ ಬಂದು ಕಡ್ಡಿಯನ್ನು ನೋಡಿದಳು. ಆಮೇಲೆ ಬೀದಿಯನ್ನು ನೋಡಿದಳು. ನನ್ನ ಬೀದಿ ಕೇರಂ ಬೋರ್ಡಿನಂತೆ ಸಮ. ಮಳೆ ಬಂದರೆ ನೀರಿಗೆ ಯಾವ ಕಡೆ ಹೋಗಬೇಕೆಂದು ತಿಳಿಯುವುದಿಲ್ಲ.

"ರೀ, ನಮ್ಮ ಚಪ್ಪಡಿ ಮೇಲೆ ಹಸುಗೆ ನೀರಿನ ಬಕೆಟ್ ಇಟ್ರೆ ಏನಾಗುತ್ತೆ?"

"ಏನಾಗುತ್ತೆ?"

"ಒಂದು ಕಡೆ ಅಂಚಿಗೆ ಬಂದು ಚೆಲ್ಲುತ್ತೆ. ಇನ್ನೊಂದು ಕಡೆ ಕೆಳಗೆ ಇಳಿದಿರುತ್ತೆ. ಅದೇ ನೀರು. ಇವತ್ತು ಬಿಚ್ಚೋದು ಬೇಡ. ಗಾಡೀನ ಹಂಗೇ ಊರಿಗೆ ತಗೊಂಡು ಹೋಗೋಣ. ಒಂದು ತೊಟ್ಟೂ ಹಾಕ್ಬೇಡಿ."

"ನಿಂಗೇನೇ ಗೊತ್ತು ಇಂಜಿನ್ ವಿಷಯ?"

"ಗೊತ್ತಿಲ್ಲ. ನಡೀರಿ."

ಅಕ್ಕ ಕೀ ಮುಟ್ಟಲಿಲ್ಲ. ಭಾವನೇ ಓಡಿಸಿದರು. ಕೋಲಾರ ದಾಟಿ ವೇಗ ಹೆಚ್ಚಿಸಿದ್ದೇ ತಡ, ಹಿಂದೆ ಹೊಗೆ ಎದ್ದಿತು. ಬೆಳಗಿನ ಹೊತ್ತು, ಭಾವನ ಕಾಲು, ಭಾವನ ಗೇರು. ಪಕ್ಕದ ಸೀಟಿನಿಂದ ಅಕ್ಕ ಕನ್ನಡಿಯಲ್ಲಿ ನೋಡಿ ಮೆತ್ತಗೆ ಹೇಳಿದಳು: "ಕ್ಲಚ್ ಮೇಲೆ ಕಾಲಿಟ್ಟಿದೀರೇನೋ, ನೋಡ್ಕೊಳ್ಳಿ."

ಭಾವನ ಕಿವಿ ಕೆಂಪಾಯಿತು.

ಊರಿನಲ್ಲಿ ಕಾರನ್ನು ಅದರ ಜಾಗದಲ್ಲೇ, ಚಪ್ಪಡಿಯ ಮೇಲೆ, ಪೂರ್ವಕ್ಕೆ ಮೂತಿ ಮಾಡಿ ನಿಲ್ಲಿಸಿದರು. ಇಂಜಿನ್ ಆರಲಿ ಎಂದು ಮುದ್ದೆ, ಸೊಪ್ಪಿನ ಸಾರು ಉಂಡು ಬಂದೆವು. ಕಡ್ಡಿ ಎಳೆದರು. ಆಯಿಲ್ ಕೆಳಗಿನ ಗೀಟಿನ ಹತ್ತಿರವಿತ್ತು. ಕೋಲಾರದಲ್ಲಿ ಕತ್ತಿನವರೆಗೆ ಇದ್ದದ್ದು ಇಲ್ಲಿ ಬರಿದಾಗಿತ್ತು.

"ನೋಡ್ದಾ? ಅಲ್ಲಿಂದ ಇಲ್ಲಿಗೆ ಬರೋಷ್ಟ್ರಲ್ಲಿ ಅಷ್ಟೂ ಕುಡಿದ್ಬಿಟ್ಟಿದೆ!" ಎಂದರು ಭಾವ. ಅವರ ಕೈ ಅಭ್ಯಾಸಬಲದಿಂದ ಕ್ಯಾನಿನ ಕಡೆ ಹೋಯಿತು. ಅಕ್ಕ ಕ್ಯಾನಿನ ಮೇಲೆ ಕಾಲಿಟ್ಟಳು.

"ಈಗ ತಿರುಗಿಸಿ ನಿಲ್ಲಿಸಿ."

"ಪಶ್ಚಿಮಕ್ಕಾ?"

"ಒಂದು ಗಳಿಗೆ. ಏಳಿಗೆ ಎಲ್ಲೂ ಓಡಿ ಹೋಗಲ್ಲ."

ಕಾರನ್ನು ಹಿಂದಕ್ಕೆ ಇಳಿಸಿ, ಬೀದಿಯಲ್ಲಿ ತಿರುಗಿಸಿ, ಹಿಮ್ಮುಖವಾಗಿ ಚಪ್ಪಡಿ ಹತ್ತಿಸಿದರು. ಈಗ ಮೂತಿ ಕೆಳಗೆ. ಕಾದು, ಕಡ್ಡಿ ಎಳೆದರು. ಅರ್ಧ ಕಡ್ಡಿಗೂ ಮೇಲೆ ಕಪ್ಪಗೆ ತೊಟ್ಟಿಕ್ಕುತ್ತಿತ್ತು. ಒಂದು ತೊಟ್ಟೂ ಹಾಕಿರಲಿಲ್ಲ. ನಾನು ಕ್ಯಾನಿನ ಪಕ್ಕದಲ್ಲೇ ನಿಂತಿದ್ದೆ.

ಭಾವ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ನೋಡಿದರು. ಕೊನೆಗೆ ಹೇಳಿದರು: "ಮೂತಿ ಪಶ್ಚಿಮಕ್ಕೆ ಮಾಡಿದ್ರೆ ಹಿಂಗೆಲ್ಲಾ ಆಗುತ್ತೆ."

ನಾನು ನನ್ನ ಬೀದಿಯ ಗ್ಯಾರೇಜಿನವನಿಗೆ ಫೋನ್ ಮಾಡಿ ಕೇಳಿದೆ. ಕಡ್ಡಿ ಇಂಜಿನ್ನಿನ ಮುಂದಿನ ತುದಿಯಲ್ಲಿದೆ, ಮೂತಿ ಮೇಲಿದ್ದರೆ ಆಯಿಲ್ ಹಿಂದಕ್ಕೆ ಸರಿದು ಕಡ್ಡಿಗೆ ಸಿಗುವುದಿಲ್ಲ ಎಂದ. ಆಯಿಲ್ ಮಿತಿ ಮೀರಿದರೆ ಇಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ದಂಡ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಗಾಳಿಯ ಕೊಳವೆ ಹಿಡಿದು ಹೋಗಿ ಉರಿದು ಹೊಗೆಯಾಗುತ್ತದೆ ಎಂದ. ಹೆಚ್ಚಾದದ್ದು ದಾರಿಯಲ್ಲಿ ಸುಟ್ಟುಹೋಗುವುದರಿಂದ ಬರುವಾಗ ಹೊಗೆ ಕಡಿಮೆ. ಮರುದಿನ ಬೆಳಿಗ್ಗೆ ಇಳಿಜಾರಿನ ಮೇಲೆ ಕಡ್ಡಿ ಮತ್ತೆ 'ಕಡಿಮೆ' ಎನ್ನುತ್ತದೆ, ಭಾವ ಮತ್ತೆ ಸುರಿಯುತ್ತಾರೆ. ಒಟ್ಟಿನಲ್ಲಿ ಕಾರು ಆಯಿಲ್ ಕುಡಿದದ್ದಲ್ಲ. ಬೇಡವೆಂದರೂ ಬಾಯಿಗೆ ಹುಯ್ದದ್ದನ್ನು ದಾರಿಯುದ್ದಕ್ಕೂ ಕಾರಿಕೊಳ್ಳುತ್ತಿತ್ತು.

ಕಾರನ್ನು ಸಮವಾದ ಕಣಕ್ಕೆ ತಂದು, ಕೆಳಗಿನ ಬೋಲ್ಟ್ ಸಡಿಲಿಸಿ, ಮೇಲಿನ ಗೀಟಿಗೆ ಬರುವವರೆಗೆ ಆಯಿಲ್ ಇಳಿಸಿದೆವು. ಇಳಿದದ್ದನ್ನು ಬಕೆಟ್ಟಿನಲ್ಲಿ ನೋಡಿ ನನಗೆ ನಾಚಿಕೆಯಾಯಿತು, ಭಾವನಿಗೆ ಆದಂತೆ ಕಾಣಲಿಲ್ಲ. ಮುಂದಿನ ದಿನಗಳಲ್ಲಿ ಹೊಗೆ ಕ್ರಮೇಣ ನಿಂತಿತು. ಬೆಳಿಗ್ಗೆ ಶುರು ಮಾಡಿದಾಗ ಸ್ವಲ್ಪ ಬರುತ್ತದೆ. ಹಳೆಯ ಗಾಡಿ, ಅಷ್ಟು ಅದಕ್ಕೆ ಬಿಡಬೇಕು. ಮಾಲೂರಿನವರಿಗೆ ಫೋನ್ ಮಾಡಿದರೆ "ನಾ ಆವತ್ತೇ ಅಂದ್ಕೊಂಡೆ, ಆಯಿಲ್ ಜಾಸ್ತಿ ಇರ್ಬೇಕು ಅಂತ" ಎಂದರು.

ಭಾವ ಒಂದು ಬೆಳಿಗ್ಗೆ ಕೀ ತಂದು ಅಕ್ಕನ ಮುಂದೆ ಹಿಡಿದರು. "ತಗೋ. ಗೂಡು ನೀನೇ ತಗೊಂಡು ಹೋಗು."

ಅಕ್ಕ ತರಕಾರಿ ಹೆಚ್ಚುತ್ತಿದ್ದಳು, ತಲೆಯೆತ್ತಲಿಲ್ಲ. "ಮುಳಬಾಗಿಲಲ್ಲಿ ಏನಂದ್ರಿ ನೀವು?"

"ಯಾವಾಗ?"

"ಇಂಜಿನ್ ಸಾಯಿಸಿದ್ದೇ ಇವಳು ಅಂದ್ರಿ. ಟೀ ಕುಡೀತಿದ್ದೋರ ಮುಂದೆ. ಅಲ್ಲಿ ಹೋಗಿ ಹೇಳಿ, ಆಮೇಲೆ ಕೀ ಕೊಡಿ."

"ಅಷ್ಟಕ್ಕೆ ಮುಳಬಾಗಿಲಿಗೆ ಹೋಗ್ಬೇಕಾ?"

"ಅಷ್ಟು ಹೇಳೋಕೆ ಹೋಗಿದ್ರಲ್ಲ."

ಭಾವ ಕೀಯನ್ನು ಮೊಳೆಗೆ ನೇತುಹಾಕಿದರು. ಅದು ಅಲ್ಲೇ ನೇತಾಡಿತು. ಅಕ್ಕ ಅದರ ಕೆಳಗೇ ಓಡಾಡಿದಳು, ಮುಟ್ಟಲಿಲ್ಲ. ಇನ್ನೊಂದು ಬೆಳೆ ಹುಳು ಹಣ್ಣಾಗತೊಡಗಿತು. ಟೆಂಪೋದವನು ಬರಬೇಕೇ ಎಂದು ಕೇಳಿಕೊಂಡು ಹೋದ. ಅಕ್ಕ "ಅವರನ್ನ ಕೇಳು" ಎಂದಳಂತೆ. ಆ ಭಾನುವಾರ ಭಾವ ನನಗೆ ಫೋನ್ ಮಾಡಿ, "ಬಾರೋ, ಮುಳಬಾಗಿಲಿಗೆ ಒಂದು ಕೆಲಸ ಇದೆ" ಎಂದರು. ಏನು ಕೆಲಸವೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಾವ ಓಡಿಸಿದರು. ಅಕ್ಕನೂ ನಾನೂ ಹಿಂದೆ ಕೂತಿದ್ದೆವು. ಗ್ಯಾರೇಜಿನ ಮುಂದೆ ಟೀ ಅಂಗಡಿಯಲ್ಲಿ ಜನ ಇದ್ದರು. ಅದೇ ಜನವೋ ಬೇರೆಯವರೋ ನನಗೆ ಗೊತ್ತಾಗಲಿಲ್ಲ. ಮೆಕ್ಯಾನಿಕ್ ಬಂದು ಸೈಲೆನ್ಸರಿನ ಹಿಂದೆ ಬಗ್ಗಿ ನೋಡಿದ. ಹೊಗೆಯಿಲ್ಲ. "ಎಕ್ಕಡ ಚೇಯಿಂಚಾರು ಸಾರ್, ರಿಂಗ್ಸು?" ರಿಂಗ್ ಎಲ್ಲಿ ಮಾಡಿಸಿದಿರಿ ಎಂದು ಆಸೆಯಿಂದ ಕೇಳಿದ.

"ರಿಂಗ್ಸ್ ಅಲ್ಲಪ್ಪ. ನಮ್ಮ ಜಾಗ ಸ್ವಲ್ಪ ಇಳಿಜಾರು. ಚಪ್ಪಡಿ ಹಾಸಿದೋನು ಸರಿಯಾಗಿ ಹಾಸಿಲ್ಲ..." ಎಂದು ಭಾವ ಶುರು ಮಾಡಿದರು. ಚಪ್ಪಡಿಯವನನ್ನು ಬೈದರು. ಕಡ್ಡಿ ತಯಾರಿಸಿದ ಕಂಪನಿಯವರನ್ನು ಬೈದರು. ಅಕ್ಕ ಕಾರಿನೊಳಗಿಂದ ಇಳಿಯಲಿಲ್ಲ, ಗಾಜನ್ನು ಪೂರ್ತಿ ಇಳಿಸಿ ಕೂತಿದ್ದಳು.

ಬೈಯಲು ಯಾರೂ ಉಳಿಯದಾದಾಗ ಮೆಕ್ಯಾನಿಕ್ ಒಳಗೆ ಇಣುಕಿ ಕೇಳಿದ: "ಅಯಿತೇ ಅಮ್ಮಗಾರು ಇಪ್ಪುಡು ಬಂಡಿ ತೋಲಡಂ ಲೇದಾ?" ಹಾಗಾದರೆ ಅಮ್ಮನವರು ಈಗ ಗಾಡಿ ಓಡಿಸುತ್ತಿಲ್ಲವಾ?

ಭಾವ ಟವೆಲಿನಿಂದ ಮುಖ ಒರೆಸಿಕೊಂಡರು. ಟೀ ಅಂಗಡಿಯವರ ಕಡೆ ನೋಡಿದರು. ಕನ್ನಡದಲ್ಲಿ ಹೇಳುವುದು ಕಷ್ಟವಾಯಿತೋ ಏನೋ, ತೆಲುಗಿನಲ್ಲೇ ಹೇಳಿದರು: "ತೋಲಿಂದಿ ಆಮೆ. ಆಯಿಲು ಪೋಸಿಂದಿ ನೇನು."

ಓಡಿಸಿದ್ದು ಅವಳು, ಆಯಿಲ್ ಸುರಿದದ್ದು ನಾನು. ಧ್ವನಿ ಅಧ್ಯಕ್ಷರದಾಗಿರಲಿಲ್ಲ. ಆದರೆ ಟೀ ಅಂಗಡಿಗೆ ಕೇಳಿಸಿತು. ಒಬ್ಬ ಲೋಟ ಕೆಳಗಿಟ್ಟು ನೋಡಿದ. "ನೇನು ಆ ರೋಜೇ ಅನುಕುನ್ನಾನು ಸಾರ್" ಎಂದ ಮೆಕ್ಯಾನಿಕ್. ಅವನೂ ಆವತ್ತೇ ಅಂದುಕೊಂಡಿದ್ದನಂತೆ.

ಅಕ್ಕ ಇಳಿದಳು. ಸುತ್ತಿ ಬಂದು ಓಡಿಸುವ ಕಡೆಯ ಬಾಗಿಲು ತೆಗೆದು ಕೈ ಚಾಚಿದಳು. ಭಾವ ಕೀ ಕೊಟ್ಟರು.

"ಮುಂದೆ ಕೂತ್ಕೊಳ್ಳಿ" ಎಂದಳು.

"ಬೇಡ, ನಡಿ" ಎಂದು ಭಾವ ಹಿಂದೆ ನನ್ನ ಪಕ್ಕಕ್ಕೆ ಹತ್ತಿದರು. ಅಷ್ಟು ದಿನಗಳಲ್ಲಿ ಅವರು ಆ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಕಾಲು ಎಲ್ಲಿಡಬೇಕೆಂದು ತಿಳಿಯದೆ ಒಂದೆರಡು ಸಲ ಜರುಗಿ, ಕೊನೆಗೆ ಆಯಿಲ್ ಕ್ಯಾನನ್ನು ಸೀಟಿನಡಿ ತಳ್ಳಿ ಜಾಗ ಮಾಡಿಕೊಂಡರು. ಅಕ್ಕ ಸೀಟನ್ನು ತನ್ನ ಎತ್ತರಕ್ಕೆ ಮುಂದೆ ಎಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು.

"ಮಂಗಳವಾರ ಗೂಡು ಬಿಡಿಸ್ತೀನಿ. ಟೆಂಪೋದವನಿಗೆ ಬೇಡ ಅಂತ ಹೇಳ್ಬಿಡಿ."

"ಹೂಂ" ಎಂದರು ಭಾವ, ಕಿಟಕಿಯ ಹೊರಗೆ ನೋಡುತ್ತ.